ಸಾವಿನ ಸುದ್ದಿಯಲ್ಲಿ ಅಕ್ಷರದ ತಪ್ಪು

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಶಿವಮೊಗ್ಗದ ಸವಳಂಗ ರಸ್ತೆಗೆ ಹೊಂದಿಕೊಂಡಿರುವ ನಮ್ಮ ಬಡಾವಣೆಯ ಜಮಾಅತ್‌ನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. "ನಮ್ಮ ಅಬ್ಬಾ ಫಜರ್ ಟೈಮಲ್ಲಿ ವಫಾತ್ ಹಾಗಿದ್ದಾರೆ. ಜನಾಜ ಅಸರ್ ನಂತರ. ಎಲ್ಲರು ಮಗಫಿರತ್‌ಗೆ ದುವ ಮಾಡಿ." ಬರೆದವನು ಗ್ಯಾರೇಜೊಂದರಲ್ಲಿ ದುಡಿಯುವ ಯುವಕ. ತೀರಿಕೊಂಡವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದು, ನಿವೃತ್ತಿಯ ಬಳಿಕ ಮಗನ ಜೊತೆ ಇಲ್ಲಿ ನೆಲೆಸಿದ್ದ ಹಿರಿಯರು.

ಮೊದಲ ನಾಲ್ಕೈದು ಉತ್ತರಗಳು ಇರಬೇಕಾದಂತೆಯೇ ಇದ್ದವು. ಮರಳಿ ಹೋಗುವುದು ಅಲ್ಲಾಹನೆಡೆಗೇ ಎಂಬ ಮಾತು, ಪ್ರಾರ್ಥನೆ, ಸಾಂತ್ವನ. ಆಮೇಲೆ ಒಬ್ಬ ಹಿರಿಯರು ಬರೆದರು: "'ಹಾಗಿದ್ದಾರೆ' ಅಲ್ಲ, 'ಆಗಿದ್ದಾರೆ'. 'ಎಲ್ಲರು' ಅಲ್ಲ, 'ಎಲ್ಲರೂ'. ನಮ್ಮವರು ಕನ್ನಡ ಕಲಿಯುವುದು ಯಾವಾಗ?" ಅದರ ಹಿಂದೆಯೇ ಇನ್ನೊಬ್ಬರು 'ದುವ' ಅಲ್ಲ, 'ದುಆ' ಎಂದರು. ಮೂರನೆಯವರು 'ಜನಾಜ' ಅಲ್ಲ, 'ಜನಾಝಾ' ಎಂದು ತಿದ್ದಿದರು.

ಆ ಮೂರನೆಯವರು ನಾವೇ.

ಮುಂದಿನ ಒಂದು ಗಂಟೆಯಲ್ಲಿ ಗುಂಪಿನಲ್ಲಿ ಅರವತ್ತಕ್ಕೂ ಹೆಚ್ಚು ಸಂದೇಶಗಳು ಬಂದವು. ಉರ್ದುವಿನಲ್ಲಿ ಹೇಗೆ, ಅರಬಿಯಲ್ಲಿ ಹೇಗೆ, ಕರಾವಳಿಯವರು ಹೇಗೆ ಬರೆಯುತ್ತಾರೆ, ನಮ್ಮ ಮಲೆನಾಡಿನವರು ಹೇಗೆ ಬರೆಯುತ್ತಾರೆ ಎಂಬ ವಾದ ಬೆಳೆಯಿತು. ನಡುವೆ ಆ ಯುವಕ ಎರಡನೆಯ ಸಂದೇಶ ಕಳಿಸಿದ್ದ. ಮಳೆ ಬಲವಾಗುವ ಸೂಚನೆಯಿದ್ದುದರಿಂದ ಜನಾಝಾವನ್ನು ಅಸರ್‌ನ ಬದಲು ಝುಹರ್ ನಮಾಝಿನ ನಂತರವೇ ಇಟ್ಟುಕೊಳ್ಳಲಾಗಿದೆ ಎಂಬುದು ಅದರ ಸಾರ. ವಾದದ ಪ್ರವಾಹದಲ್ಲಿ ಆ ಸಂದೇಶ ಮುಳುಗಿಹೋಯಿತು. ಮೃತರೊಡನೆ ಮೂವತ್ತು ವರ್ಷ ಒಂದೇ ಪಾಳಿಯಲ್ಲಿ ದುಡಿದ ಗೆಳೆಯರೊಬ್ಬರು ಅಸರ್‌ನ ಸಮಯಕ್ಕೆ ಸರಿಯಾಗಿ ಭದ್ರಾವತಿಯಿಂದ ಬಂದಿಳಿದರು. ಖಬರಸ್ತಾನದಲ್ಲಿ ಅವರಿಗೆ ಕಂಡದ್ದು ಆಗಲೇ ಮುಚ್ಚಿದ್ದ ಹಸಿ ಮಣ್ಣು ಮಾತ್ರ.

ಜನಾಝಾ ನಮಾಝಿನಲ್ಲಿ ಪಾಲ್ಗೊಂಡವನಿಗೆ ಒಂದು 'ಕೀರಾತ್' ಪುಣ್ಯ, ದಫನದವರೆಗೂ ನಿಂತವನಿಗೆ ಎರಡು, ಅವು ಬೃಹತ್ ಪರ್ವತಗಳಷ್ಟು ಎಂದು ಪ್ರವಾದಿವರ್ಯರು(ಸ) ತಿಳಿಸಿರುವುದನ್ನು ನಾವೆಲ್ಲ ಕೇಳಿದ್ದೇವೆ. ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಹಕ್ಕುಗಳಲ್ಲಿ ಜನಾಝಾವನ್ನು ಹಿಂಬಾಲಿಸುವುದೂ ಒಂದು. ಮೃತರ ಆ ಹಕ್ಕನ್ನೂ ಅವರ ಗೆಳೆಯರ ಆ ಪುಣ್ಯವನ್ನೂ ನಾವು ಒಂದು 'ಝ'ಕಾರಕ್ಕಾಗಿ ತಪ್ಪಿಸಿದೆವು.

ಮೂರನೆಯ ದಿನ ಆ ಮನೆಗೆ ಹೋದೆವು. ಕ್ಷಮೆ ಕೇಳುವ ಮಾತನ್ನು ಹೇಗೆ ಎತ್ತುವುದೆಂದು ತಡವರಿಸುತ್ತಿದ್ದಾಗ ಯುವಕನೇ ಹೇಳಿದ: "ಬಿಡಿ ಚಾಚಾ, ನಂಗೆ ಕನ್ನಡ ಬರಿಯೋಕೆ ಅಷ್ಟು ಬರಲ್ಲ. ಯಾವಾಗ್ಲೂ ಅಬ್ಬಾಗೆ ತೋರಿಸಿ ಕಳಿಸ್ತಿದ್ದೆ." ಅವನ ತಂದೆ ಉರ್ದು ಮನೆಮಾತಿನವರಾದರೂ ಕಾರ್ಖಾನೆಯ ಸಹೋದ್ಯೋಗಿಗಳಿಂದ ಕನ್ನಡ ಓದು-ಬರಹ ಕಲಿತವರು. ಮಗನ ಬರಹವನ್ನು ತಿದ್ದುತ್ತಿದ್ದ ಆ ಕೈ ಅಂದು ಬೆಳಿಗ್ಗೆ ಬಿಳಿಯ ಬಟ್ಟೆಯ ಕೆಳಗಿತ್ತು. ಅದು ತಿಳಿಯದೆ ನಾವು ಆ ಕೆಲಸಕ್ಕೆ ಕೈಹಾಕಿದ್ದೆವು.

ಅಂದಿನಿಂದ ಈ ವಿಷಯ ನಮ್ಮ ಮನಸ್ಸನ್ನು ಕೊರೆಯುತ್ತಿದೆ. ಇದು ನಮ್ಮ ಒಂದು ಗುಂಪಿನ ಕಥೆಯಲ್ಲ ಎಂಬುದು ಓದುಗರಿಗೆ ತಿಳಿದೇ ಇದೆ. ಕಾಯಿಲೆಯವರಿಗಾಗಿ ರಕ್ತ ಕೇಳಿದ ಮನವಿಯ ಕೆಳಗೆ, ಕೆಲಸ ಕಳೆದುಕೊಂಡವನ ಅಳಲಿನ ಕೆಳಗೆ, ಮಗುವನ್ನು ಕಳೆದುಕೊಂಡ ತಾಯಿಯ ಎರಡು ಸಾಲಿನ ಕೆಳಗೆ ಇಂತಹ ತಿದ್ದುಪಡಿಗಳು ಕಾಣಿಸುತ್ತಲೇ ಇರುತ್ತವೆ. ಕೊರೋನಾದ ಎರಡನೆಯ ಅಲೆಯ ದಿನಗಳನ್ನು, ಅಂದರೆ 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ನೆನೆಯೋಣ. ಮನೆಗೆ ಹೋಗುವಂತಿರಲಿಲ್ಲ, ಹೆಗಲು ಕೊಡುವಂತಿರಲಿಲ್ಲ. ಮೊಬೈಲಿನ ಆ ಪುಟ್ಟ ಪರದೆಯೇ ನಮ್ಮ ಸಂತಾಪದ ಅಂಗಳವಾಗಿತ್ತು. ಆ ಅಭ್ಯಾಸ ಇಂದಿಗೂ ಉಳಿದಿದೆ. ಆದ್ದರಿಂದ ಅಲ್ಲಿ ನಾವು ಬರೆಯುವ ಮಾತಿಗೂ ಸಾವಿನ ಮನೆಯ ಹೊಸ್ತಿಲಲ್ಲಿ ನಿಂತು ಆಡುವ ಮಾತಿನಷ್ಟೇ ತೂಕವಿದೆ. ಆ ಹೊಸ್ತಿಲಲ್ಲಿ ನಿಂತು ಅಳುತ್ತಿರುವ ಮಗನಿಗೆ ವ್ಯಾಕರಣ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ನಾವು ತಿದ್ದಿದ್ದು ನಿಜಕ್ಕೂ ತಪ್ಪುಗಳನ್ನೇ?

ಮೊದಲು ನಮ್ಮದೇ 'ಝ'ಕಾರವನ್ನು ನೋಡೋಣ. ಜನಾಝಾ ಎಂಬ ಅರಬಿ ಪದದ ಕೊನೆಯಲ್ಲಿರುವ 'ಝಾ' ಎಂಬ ಧ್ವನಿಗೆ ಕನ್ನಡದಲ್ಲಿ ಅಕ್ಷರವೇ ಇಲ್ಲ. ಕನ್ನಡದ 'ಝ' ಎಂಬುದು 'ಜ'ಕಾರದ ಮಹಾಪ್ರಾಣ. ಅದು ಅರಬಿಯ ಆ ಧ್ವನಿಯಲ್ಲ. ಅರಬಿಯಲ್ಲಿ ಝಾ, ಝಾಲ್, ಝಾದ್, ಝೋ ಎಂದು ನಮ್ಮವರು ಕರೆಯುವ ನಾಲ್ಕು ಬೇರೆಬೇರೆ ಅಕ್ಷರಗಳಿವೆ. ಕನ್ನಡದಲ್ಲಿ ಬರೆಯುವಾಗ ನಾಲ್ಕನ್ನೂ ಒಂದೇ ಅಕ್ಷರದಲ್ಲಿ ತುಂಬುತ್ತೇವೆ. ಕರಾವಳಿಯ ಮುಸ್ಲಿಮ್ ಬರಹಗಳಲ್ಲಿ 'ನಮಾಝ್' ರೂಢಿಯಾಗಿದ್ದರೆ ಒಳನಾಡಿನಲ್ಲಿ 'ನಮಾಜ್' ಸಾಮಾನ್ಯ. ಎರಡೂ ರೂಢಿಗಳೇ ಹೊರತು ಒಂದು ಸರಿ, ಇನ್ನೊಂದು ತಪ್ಪು ಎಂಬುದಿಲ್ಲ. 'ದುಆ' ಎಂಬಲ್ಲಿಯೂ ಅಷ್ಟೇ. ಅದರ ನಡುವಿನ 'ಐನ್' ಅಕ್ಷರ ಗಂಟಲಿನಿಂದ ಹೊರಡುವ ಧ್ವನಿ. 'ದುವ' ಬರೆದವನೂ ಅದನ್ನು ಬರೆಯಲಾರ, 'ದುಆ' ಎಂದು ತಿದ್ದಿದವರೂ ಬರೆಯಲಾರರು.

ಇದೇ ಬಗೆಯ ಇನ್ನೊಂದು ಸಂದೇಶವೂ ನಮ್ಮ ಮೊಬೈಲುಗಳಲ್ಲಿ ವರ್ಷಗಳಿಂದ ಸುತ್ತುತ್ತಿದೆ. 'ಇನ್‌ಶಾಅಲ್ಲಾಹ್' ಎಂದು ಕೂಡಿಸಿ ಬರೆದರೆ ಅರ್ಥವೇ ಕೆಟ್ಟು ದೊಡ್ಡ ಪಾಪವಾಗುತ್ತದೆ ಎಂಬ ಎಚ್ಚರಿಕೆ ಅದು. ಅರಬಿ ಲಿಪಿಯಲ್ಲಿ ಆ ಎರಡು ರೂಪಗಳಿಗೆ ಬೇರೆ ಅರ್ಥವಿರುವುದು ನಿಜ. ಆದರೆ ಕನ್ನಡ ಲಿಪಿಯಲ್ಲಿ ನಾವು ಬರೆಯುವುದು ಕೇವಲ ಉಚ್ಚಾರವನ್ನು. ಅಲ್ಲಾಹನು ಇಚ್ಛಿಸಿದರೆ ಎಂಬ ಭಾವದಿಂದ ಬರೆದವನ ಕೂಡಿದ ಅಕ್ಷರಗಳು ಅವನ ಸಂಕಲ್ಪವನ್ನು ಬದಲಿಸಲಾರವು. ಕರ್ಮಗಳು ಸಂಕಲ್ಪಗಳನ್ನು ಅವಲಂಬಿಸಿವೆ ಎಂಬುದು ಸಹೀಹ್ ಬುಖಾರಿಯ ಮೊತ್ತಮೊದಲ ಹದೀಸ್ ಅಲ್ಲವೇ?

ಇನ್ನು 'ಹಾಗಿದ್ದಾರೆ' ಎಂಬುದು. ಇದು ಬರವಣಿಗೆಯ ಕನ್ನಡದಲ್ಲಿ ತಪ್ಪೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ತಪ್ಪು ಹುಟ್ಟುವುದು ಎಲ್ಲಿಂದ? ಹಳಗನ್ನಡದ 'ಪಾಲು' ಮುಂದೆ 'ಹಾಲು' ಆಯಿತು, 'ಪೂವು' 'ಹೂವು' ಆಯಿತು. ಆಡುಮಾತಿನಲ್ಲಿ ಎಷ್ಟೋ ಕಡೆ ಆ 'ಹ'ಕಾರವೂ ಬಿದ್ದುಹೋಗಿ 'ಆಲು', 'ಊವು' ಎಂದಾಗಿದೆ. ಹೀಗೆ 'ಹ'ಕಾರವಿಲ್ಲದೆ ಮಾತನಾಡುವ ಪರಿಸರದಲ್ಲಿ ಬೆಳೆದವನು ಬರೆಯಲು ಕುಳಿತಾಗ ಎಲ್ಲಿ ತಪ್ಪಿಬಿಡುತ್ತೇನೋ ಎಂದು ಅಳುಕುತ್ತಾನೆ. ಆ ಅಳುಕಿನಲ್ಲಿ ಬೇಡದ ಕಡೆಗೂ 'ಹ'ಕಾರವನ್ನು ಸೇರಿಸುತ್ತಾನೆ. ಅಂದರೆ ಈ ತಪ್ಪು ಉಡಾಫೆಯಿಂದ ಹುಟ್ಟಿದ್ದಲ್ಲ, ಸರಿಯಾಗಿ ಬರೆಯಬೇಕೆಂಬ ಶ್ರಮದಿಂದಲೇ ಹುಟ್ಟಿದ್ದು. ತಂದೆಯ ಸಾವಿನ ಸುದ್ದಿಯನ್ನು ಸರಿಯಾದ ಕನ್ನಡದಲ್ಲಿ ತಿಳಿಸಬೇಕೆಂದು ಹೊರಟವನಿಗೆ ನಾವು ಕನ್ನಡ ಕಲಿಯುವುದು ಯಾವಾಗ ಎಂದು ಕೇಳಿದೆವು!

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥ. ಕಾವ್ಯದ ಗುಣದೋಷಗಳನ್ನು ವಿವರಿಸಲೆಂದೇ ಬರೆದ ಆ ಗ್ರಂಥ ಕೂಡ ಒಂದು ಕಡೆ ಕೈಚೆಲ್ಲುತ್ತದೆ. ಒಂದೊಂದು ಸೀಮೆಯ ಕನ್ನಡ ಒಂದೊಂದು ಬಗೆಯಾಗಿರುವುದರಿಂದ ದೋಷಗಳು ಇಷ್ಟೇ ಎಂದು ಎಣಿಸಹೊರಟರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬಂದೀತು ಎಂಬರ್ಥದ ಮಾತು ಅಲ್ಲಿದೆ. ಭಾಷೆಗಳ ವೈವಿಧ್ಯವನ್ನು ಪವಿತ್ರ ಕುರ್‌ಆನ್ ಅಲ್ಲಾಹನ ದೃಷ್ಟಾಂತಗಳಲ್ಲಿ ಸೇರಿಸಿದೆ (ಅರ್‍ರೂಮ್: 22). 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸುತ್ತ ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನವರು ಒಂದೇ ಸಾಲಿನ ಮನೆಗಳಲ್ಲಿ ಬಾಳಿದರು. ಅವರೆಲ್ಲರ ಕನ್ನಡವೂ ವ್ಯಾಕರಣ ಪುಸ್ತಕದ ಕನ್ನಡವಾಗಿರಲಿಲ್ಲ. ಆದರೂ ಆ ಕನ್ನಡದಲ್ಲಿಯೇ ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೆಗಲಾದರು.

ಫಿರ್‌ಔನ್ ಕಂಡ ದೋಷ

ಮಾತಿನ ದೋಷವನ್ನು ಎತ್ತಿ ಆಡುವವರ ಸಾಲಿನಲ್ಲಿ ಕುರ್‌ಆನ್ ಯಾರನ್ನು ನಿಲ್ಲಿಸಿದೆ ಎಂಬುದನ್ನು ಗಮನಿಸಬೇಕು. ಪ್ರವಾದಿ ಮೂಸಾ(ಅ)ರು ತಮ್ಮ ನಾಲಿಗೆಯ ಗಂಟನ್ನು ಬಿಡಿಸಿಕೊಡು, ಜನರು ತನ್ನ ಮಾತನ್ನು ಅರ್ಥಮಾಡಿಕೊಳ್ಳುವಂತಾಗಲಿ ಎಂದು ಪ್ರಾರ್ಥಿಸಿದ್ದರು (ತಾಹಾ: 25-28). ತನಗಿಂತ ಸ್ಪಷ್ಟವಾಗಿ ಮಾತನಾಡಬಲ್ಲ ಸಹೋದರ ಹಾರೂನ್(ಅ)ರನ್ನು ಜೊತೆಗೆ ಕಳುಹಿಸುವಂತೆಯೂ ಬೇಡಿದ್ದರು. ಅವರು ತಂದ ಸಂದೇಶಕ್ಕೆ ಉತ್ತರವಿಲ್ಲದ ಫಿರ್‌ಔನ್ ತನ್ನ ಜನರ ಮುಂದೆ ಹಿಡಿದದ್ದು ಯಾವ ದಾರಿ? ಈತನಿಗೆ ಸರಿಯಾಗಿ ಮಾತನಾಡಲೂ ಬಾರದು ಎಂದು ಹೀಯಾಳಿಸಿದ (ಅಝ್ಝುಖ್ರುಫ್: 52). ಹೇಳಿದ ವಿಷಯವನ್ನು ಬಿಟ್ಟು ಹೇಳಿದ ಬಗೆಯನ್ನು ಹಿಡಿಯುವುದು ಅಹಂಕಾರಿಯ ಹಳೆಯ ಉಪಾಯ. ಅದೇ ಫಿರ್‌ಔನನ ಬಳಿಗೆ ಹೋಗುವಾಗಲೂ ಮೃದುವಾಗಿ ಮಾತನಾಡಿರಿ ಎಂದು ಅಲ್ಲಾಹನು ಆ ಇಬ್ಬರು ಪ್ರವಾದಿಗಳಿಗೆ ಆದೇಶಿಸಿದ್ದನು. ಅಂತಹ ದುರಹಂಕಾರಿಗೆ ಸಲ್ಲಬೇಕಾದ ಮೃದುತ್ವ ತಂದೆಯನ್ನು ಕಳೆದುಕೊಂಡ ಮಗನಿಗೆ ಸಲ್ಲಬಾರದೇ?

ನಾಲಿಗೆ ತಪ್ಪುವ ಬಗ್ಗೆ ಪ್ರವಾದಿವರ್ಯರು(ಸ) ಹೇಳಿದ ಒಂದು ದೃಷ್ಟಾಂತವಂತೂ ಕಣ್ಣು ತೆರೆಸುವಂಥದು. ಮರುಭೂಮಿಯಲ್ಲಿ ಒಬ್ಬನ ಒಂಟೆ ಅನ್ನ-ನೀರಿನ ಸಮೇತ ಕಳೆದುಹೋಗುತ್ತದೆ. ಹುಡುಕಿ ಸೋತು, ಬದುಕಿನ ಆಸೆ ಬಿಟ್ಟು ಅವನು ಮರದ ನೆರಳಲ್ಲಿ ಮಲಗುತ್ತಾನೆ. ಇದ್ದಕ್ಕಿದ್ದಂತೆ ಒಂಟೆ ಎದುರಿಗೆ ಬಂದು ನಿಂತಿರುತ್ತದೆ. ಮೂಗುದಾರ ಹಿಡಿದುಕೊಂಡು ಅಲ್ಲಾಹನಿಗೆ ಕೃತಜ್ಞತೆ ಹೇಳಹೊರಟವನ ಬಾಯಿಂದ ಮಾತು ತಿರುವುಮುರುವಾಗಿ, ತಾನೇ ಒಡೆಯ, ಅಲ್ಲಾಹನು ದಾಸ ಎಂಬಂತೆ ಹೊರಬರುತ್ತದೆ. ಸತ್ಯವಿಶ್ವಾಸಿಯ ಬಾಯಿಂದ ಇದಕ್ಕಿಂತ ಘೋರವಾದ ತಪ್ಪು ಹೊರಡಲು ಸಾಧ್ಯವೇ? ಆದರೆ ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸ್ ಅವನನ್ನು ಖಂಡಿಸುವುದಿಲ್ಲ. ಅತಿಯಾದ ಆನಂದದಿಂದ ಅವನ ಮಾತು ತಪ್ಪಿತು ಎಂದಷ್ಟೇ ಹೇಳುತ್ತದೆ. ದಾಸನು ಪಶ್ಚಾತ್ತಾಪಪಟ್ಟು ಮರಳಿದಾಗ ಅಲ್ಲಾಹನಿಗಾಗುವ ಸಂತೋಷ ಈ ಮನುಷ್ಯನ ಸಂತೋಷಕ್ಕಿಂತಲೂ ಹೆಚ್ಚು ಎಂದು ವಿವರಿಸಲು ಆ ಪ್ರಸಂಗವನ್ನು ಬಳಸುತ್ತದೆ. ಆನಂದದಲ್ಲಿ ತಪ್ಪಿದ ನಾಲಿಗೆಗೆ ಇಷ್ಟು ವಿನಾಯಿತಿಯಿದ್ದರೆ, ದುಃಖದಲ್ಲಿ ತಪ್ಪಿದ ಬೆರಳಿಗೆ ಎಷ್ಟಿರಬೇಕು?

ಹಾಗಾದರೆ ತಿದ್ದಲೇಬಾರದೇ?

ತಿದ್ದಬೇಕು. ಭಾಷೆಯ ಶುದ್ಧಿ ಬೇಡದ ಸಂಗತಿಯೆಂದು ನಾವು ಹೇಳುತ್ತಿಲ್ಲ. ಖುತುಬಾಗಳಲ್ಲಿ ಒಂದು ಕಥೆ ಆಗಾಗ ಕೇಳಿಬರುತ್ತದೆ. ಬಿಲಾಲ್(ರ)ರಿಗೆ 'ಶೀನ್' ಉಚ್ಚಾರ ಬಾರದೆ ಅದನ್ನು 'ಸೀನ್' ಎನ್ನುತ್ತಿದ್ದರು, ಅವರ 'ಸೀನ್' ಅಲ್ಲಾಹನ ಬಳಿ 'ಶೀನ್' ಆಗಿತ್ತು ಎಂಬ ಕಥೆ. ಹದೀಸ್ ವಿದ್ವಾಂಸರು ಇದಕ್ಕೆ ಆಧಾರವಿಲ್ಲವೆಂದು ಸ್ಪಷ್ಟಪಡಿಸಿದ್ದಾರೆ. ನಮ್ಮ ವಾದಕ್ಕೆ ಅನುಕೂಲವಾಗಿದೆಯೆಂದು ಆಧಾರವಿಲ್ಲದ್ದನ್ನು ಹಿಡಿದುಕೊಳ್ಳುವುದು ಸರಿಯಲ್ಲ. ಅದರ ಅಗತ್ಯವೂ ಇಲ್ಲ. ಕುರ್‌ಆನ್‌ನ ತಪ್ಪು ಓದಿನಿಂದ ಅರ್ಥವೇ ಕೆಡುವುದನ್ನು ಕಂಡು ಅಬುಲ್ ಅಸ್ವದ್ ಅದ್ದುಅಲೀ ಸ್ವರಗಳನ್ನು ಸೂಚಿಸುವ ಚುಕ್ಕಿಗಳನ್ನು ರೂಪಿಸಿದರೆಂದು ಚರಿತ್ರೆಕಾರರು ಹೇಳುತ್ತಾರೆ. ಅವರು ತಪ್ಪಾಗಿ ಓದಿದವನನ್ನು ನೋಡಿ ನಗಲಿಲ್ಲ. ಮುಂದೆ ಯಾರೂ ತಪ್ಪದಂತೆ ದಾರಿ ಮಾಡಿಕೊಟ್ಟರು. ಇತ್ತ, ತೊದಲುತ್ತ ಕಷ್ಟಪಟ್ಟು ಕುರ್‌ಆನ್ ಓದುವವನಿಗೆ ಎರಡು ಪ್ರತಿಫಲಗಳಿವೆ ಎಂಬ ಪ್ರವಾದಿ(ಸ) ವಚನವೂ ನಮ್ಮ ಮುಂದಿದೆ. ಕಲಿಯುವವನ ಶ್ರಮಕ್ಕೆ ಗೌರವ, ಕಲಿಸುವವನ ಮೇಲೆ ಹೊಣೆ: ಎರಡೂ ಜೊತೆಜೊತೆಗೆ ಇವೆ.

ತಿದ್ದುವ ಹೊತ್ತು ಯಾವುದು ಎಂಬುದನ್ನು ಮುಆವಿಯಾ ಬಿನ್ ಹಕಮ್(ರ)ರ ಪ್ರಸಂಗ ಕಲಿಸುತ್ತದೆ. ಹೊಸದಾಗಿ ಇಸ್ಲಾಮಿಗೆ ಬಂದಿದ್ದ ಅವರು ಸಾಮೂಹಿಕ ನಮಾಝಿನಲ್ಲಿ ಸೀನಿದವನೊಬ್ಬನಿಗೆ ಗಟ್ಟಿಯಾಗಿ ಹಾರೈಸಿಬಿಟ್ಟರು. ಸುತ್ತಲಿದ್ದವರು ದುರುಗುಟ್ಟಿ ನೋಡಿದರು, ತೊಡೆ ತಟ್ಟಿ ಸುಮ್ಮನಾಗಿಸಿದರು. ಪ್ರವಾದಿವರ್ಯರು(ಸ) ನಮಾಝ್ ಮುಗಿಯುವವರೆಗೆ ಕಾದರು. ಆಮೇಲೆ ಹತ್ತಿರ ಕರೆದು, ನಮಾಝಿನಲ್ಲಿ ಜನರ ಮಾತುಕತೆ ಸಲ್ಲದೆಂದು ವಿವರಿಸಿದರು. ಅವರಿಗಿಂತ ಉತ್ತಮ ಶಿಕ್ಷಕನನ್ನು ತಾನು ಮೊದಲೂ ಕಂಡಿಲ್ಲ, ನಂತರವೂ ಕಂಡಿಲ್ಲ, ಅವರು ತನ್ನನ್ನು ಗದರಲಿಲ್ಲ, ಹೊಡೆಯಲಿಲ್ಲ, ನಿಂದಿಸಲಿಲ್ಲ ಎಂದು ಮುಆವಿಯಾ(ರ) ಜೀವನವಿಡೀ ನೆನೆದರು.

ತಿದ್ದುವ ಬಗೆ ಹೇಗಿರಬೇಕೆಂಬುದನ್ನು ನಮ್ಮ ಮಸೀದಿಗಳು ವರ್ಷವರ್ಷವೂ ತರಾವೀಹ್‌ನಲ್ಲಿ ತೋರಿಸಿಕೊಡುತ್ತವೆ. ಓದುತ್ತಿರುವ ಇಮಾಮರು ಎಲ್ಲೋ ಒಂದು ಕಡೆ ತಡವರಿಸುತ್ತಾರೆ. ಹಿಂದಿನ ಸಾಲಿನಲ್ಲಿರುವ ಹಾಫಿಝ್ ಮೊದಲು ಕಾಯುತ್ತಾರೆ. ಇಮಾಮರೇ ಸರಿಪಡಿಸಿಕೊಂಡರೆ ಸುಮ್ಮನಿರುತ್ತಾರೆ. ಇಲ್ಲವಾದರೆ ಬೇಕಾದಷ್ಟೇ ಪದವನ್ನು ಎತ್ತಿಕೊಡುತ್ತಾರೆ. ಇಮಾಮರು ಅದನ್ನು ತೆಗೆದುಕೊಂಡು ಮುಂದೆ ಸಾಗುತ್ತಾರೆ. ನಮಾಝ್ ಕೆಡುವುದಿಲ್ಲ, ಯಾರ ಮಾನವೂ ಹೋಗುವುದಿಲ್ಲ. ಇದಕ್ಕೆ ನಮ್ಮವರು 'ಲುಕ್ಮಾ ಕೊಡುವುದು' ಎನ್ನುತ್ತಾರೆ. ಲುಕ್ಮಾ ಎಂದರೆ ತುತ್ತು. ಹಸಿದವನ ಬಾಯಿಗೆ ಇಡುವ ತುತ್ತಿನಂತೆ ತಿದ್ದುಪಡಿಯೂ ಇರಬೇಕೆಂಬ ತಿಳಿವಳಿಕೆ ಈ ಪದದಲ್ಲಿಯೇ ಇದೆ. ಕೊಡುವವನು ಅದೇ ನಮಾಝಿನಲ್ಲಿ, ಅದೇ ಇಮಾಮರ ಹಿಂದೆ ನಿಂತಿರುತ್ತಾನೆ. ನಮಾಝ್ ಸಾಗಲಿ ಎಂಬುದಷ್ಟೇ ಅವನ ಬಯಕೆ, ತನಗೆ ಕಂಠಪಾಠವಿದೆ ಎಂದು ತೋರಿಸುವುದಲ್ಲ.

ನಮ್ಮ ಗುಂಪಿನಲ್ಲಿ ಅಂದು ನಾವು ಕೊಟ್ಟದ್ದು ಲುಕ್ಮಾ ಅಲ್ಲ. 'ಜನಾಜ' ಎಂಬುದರ ಅರ್ಥ ಯಾರಿಗೂ ತಿಳಿಯದೆ ಉಳಿದಿರಲಿಲ್ಲ. ತಿಳಿಸಬೇಕಾದದ್ದು ಬೇರೆ ಏನೂ ಇರಲಿಲ್ಲ, ನಮಗೆ ಗೊತ್ತಿದೆ ಎಂಬುದೊಂದನ್ನು ಬಿಟ್ಟು. ಮುಅ್ತಾ ಯುದ್ಧದಲ್ಲಿ ಜಅ್‌ಫರ್(ರ) ಹುತಾತ್ಮರಾದ ಸುದ್ದಿ ಬಂದಾಗ ಪ್ರವಾದಿವರ್ಯರು(ಸ) ಅವರ ಮನೆಯವರಿಗಾಗಿ ಅಡುಗೆ ಮಾಡಲು ಹೇಳಿದರು. ಬೇರೆ ಯಾವುದಕ್ಕೂ ಗಮನ ಕೊಡಲಾಗದ ದುಃಖ ಅವರಿಗೆ ಬಂದೊದಗಿದೆ ಎಂದರು. ಸಾವಿನ ಮನೆಗೆ ನಾವು ಒಯ್ಯಬೇಕಾದ ತುತ್ತು ಅನ್ನದ್ದು.

ಇದಕ್ಕೆ ಪ್ರತಿಯಾಗಿ ಕೆಲವರು ಒಂದು ಮಾತು ಹೇಳುತ್ತಾರೆ. ಮುಸ್ಲಿಮರಿಗೆ ಕನ್ನಡ ಬಾರದೆಂಬ ದೂರು ಮೊದಲೇ ಇದೆ, ತಪ್ಪುಗಳನ್ನು ಹೀಗೇ ಬಿಟ್ಟರೆ ಆ ದೂರಿಗೆ ನಾವೇ ಸಾಕ್ಷಿ ಒದಗಿಸಿದಂತಾಗುವುದಿಲ್ಲವೇ ಎಂದು. ಈ ಕಳವಳ ನಮಗೂ ಅರ್ಥವಾಗುತ್ತದೆ. ಅಂದು ತಿದ್ದಿದ ಹಿರಿಯರ ಮನಸ್ಸಿನಲ್ಲಿದ್ದದ್ದೂ ಇದೇ. ಆದರೆ ಉತ್ತರ ನಮ್ಮ ಊರಿನಲ್ಲಿಯೇ ಇದೆ. ಉರ್ದು ಮನೆಮಾತಿನ ಎಂಟು ವರ್ಷದ ಬಾಲಕಿಯೊಬ್ಬಳನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಯೊಂದು 6 ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ ಸೇರಿಸಿಕೊಂಡಿತು. ಆಕೆಗೆ ಕೆಲವೇ ದಿನಗಳು ಸಾಕಾದವು. ಆ ಬಾಲಕಿಯೇ ಬಾನು ಮುಷ್ತಾಕ್. ಅವರ ಕಥೆಗಳನ್ನು ದೀಪಾ ಭಸ್ತಿಯವರು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು. ಇದೇ ಊರಿನ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದ ಕವಿ ಕೆ.ಎಸ್. ನಿಸಾರ್ ಅಹಮದ್ ಅವರು 2006ರಲ್ಲಿ ಶಿವಮೊಗ್ಗದಲ್ಲಿಯೇ ನಡೆದ 73ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಭಾಷೆ ಬೆಳೆಯುವುದು ಬಾಗಿಲು ತೆರೆದು, ಕಾಲಾವಕಾಶ ಕೊಟ್ಟಾಗ. ಸಾವಿನ ಮನೆಯಲ್ಲಿ ಅವಮಾನಗೊಂಡವನು ಕನ್ನಡ ಕಲಿಯುವುದಿಲ್ಲ, ಕನ್ನಡದಲ್ಲಿ ಬರೆಯುವುದನ್ನೇ ಬಿಡುತ್ತಾನೆ.

ನಾವು ಮಾಡಬಹುದಾದದ್ದು

ಆ ಘಟನೆಯ ಬಳಿಕ ನಮ್ಮ ಜಮಾಅತ್‌ನ ಗುಂಪಿನಲ್ಲಿ ಕೆಲವು ಸಣ್ಣ ನಿರ್ಧಾರಗಳನ್ನು ಮಾಡಿಕೊಂಡೆವು. ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಹೇಳುತ್ತಿದ್ದೇವೆ. ಸಾವು, ಕಾಯಿಲೆ, ಅಪಘಾತದ ಸುದ್ದಿಯ ಕೆಳಗೆ ಪ್ರಾರ್ಥನೆ ಮತ್ತು ನೆರವಿನ ಮಾತಲ್ಲದೆ ಬೇರೇನನ್ನೂ ಬರೆಯುವುದಿಲ್ಲ. ಸುದ್ದಿಯಲ್ಲಿ ಸಮಯ, ಸ್ಥಳ, ಹೆಸರು ಅಥವಾ ರಕ್ತದ ಗುಂಪು ತಪ್ಪಾಗಿದೆ ಎಂದು ಅನುಮಾನ ಬಂದರೆ ಕೂಡಲೇ ಆ ಮನೆಗೆ ಫೋನ್ ಮಾಡುತ್ತೇವೆ. ಅಂತಹ ತಪ್ಪನ್ನು ತಿದ್ದದಿರುವುದು ಕೂಡ ಅನ್ಯಾಯವೇ. ಉಳಿದ ತಪ್ಪುಗಳನ್ನು ಎತ್ತಿ ಹೇಳುವುದಿಲ್ಲ, ನಮ್ಮ ಉತ್ತರದಲ್ಲಿ ಸರಿಯಾದ ರೂಪವನ್ನು ಬಳಸುತ್ತೇವೆ; ಕಣ್ಣಿಗೆ ಬಿದ್ದವರು ಕಲಿಯುತ್ತಾರೆ. ಹೇಳಲೇಬೇಕಾದದ್ದಿದ್ದರೆ ದಿನಗಳು ಕಳೆದ ಮೇಲೆ, ಏಕಾಂತದಲ್ಲಿ ಹೇಳುತ್ತೇವೆ. ಏಕಾಂತದಲ್ಲಿ ಹೇಳಿದ್ದು ಹಿತವಚನ, ಸಭೆಯಲ್ಲಿ ಹೇಳಿದ್ದು ಅವಮಾನ ಎಂಬ ಅರ್ಥದ ಮಾತೊಂದು ಇಮಾಮ್ ಶಾಫಿಈ(ರ) ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ.

ಅಂದು ಮೊದಲು ತಿದ್ದಿದ ಹಿರಿಯರು ನಿವೃತ್ತ ಶಿಕ್ಷಕರು. ಈಗ ಅವರು ಭಾನುವಾರದ ದಿನ ಮಗ್ರಿಬ್ ನಂತರ ಒಂದು ಗಂಟೆ ಕುಳಿತು ಆಸಕ್ತರಿಗೆ ಕನ್ನಡ ಬರವಣಿಗೆ ಕಲಿಸುತ್ತಾರೆ. ನಾಲ್ಕೈದು ಮಂದಿ ಬರುತ್ತಾರೆ. ಅವರಲ್ಲಿ ಇಬ್ಬರು ತಾಯಂದಿರು. ಗುಂಪಿನಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಈಗ ವಾರಕ್ಕೊಂದು ಗಂಟೆ ಹಿಡಿಯುತ್ತಿದೆ ಎಂದು ಅವರೇ ನಗುತ್ತಾರೆ.

ಆ ಯುವಕ ಮಾತ್ರ ಗುಂಪಿನಲ್ಲಿ ಇನ್ನೂ ಬರೆದಿಲ್ಲ. ಎದುರು ಸಿಕ್ಕಾಗ ಸಲಾಮ್ ಹೇಳುತ್ತಾನೆ, ನಗುತ್ತಾನೆ, ನಮ್ಮ ಸ್ಕೂಟರಿನ ಬ್ರೇಕನ್ನೂ ಸರಿಮಾಡಿಕೊಟ್ಟಿದ್ದಾನೆ. ಅವನು ಕ್ಷಮಿಸಿದ್ದಾನೆಂದೇ ನಂಬಿದ್ದೇವೆ. ಆದರೂ ಅವನ ಒಂದು ಸಾಲಿಗಾಗಿ ಕಾಯುತ್ತಿದ್ದೇವೆ. ಅದರಲ್ಲಿ 'ಹಾಗಿದೆ' ಎಂದೇ ಇರಲಿ, 'ದುವ' ಎಂದೇ ಇರಲಿ, ನಾವು ಬರೆಯುವ ಉತ್ತರ 'ಆಮೀನ್' ಎಂಬುದೊಂದೇ.

ಅಲ್ಲಾಹನು ಆ ಹಿರಿಯರಿಗೆ ಮಗ್‌ಫಿರತ್ ಕರುಣಿಸಲಿ. ನಮಗೆ ತಿಳಿದಿರುವ ವಿದ್ಯೆಯನ್ನು ಇತರರಿಗೆ ತುತ್ತಾಗಿ ಕೊಡುವ ಮನಸ್ಸನ್ನೂ, ಬೇಡದ ಹೊತ್ತಿನಲ್ಲಿ ಬೆರಳನ್ನು ತಡೆಯುವ ವಿವೇಕವನ್ನೂ ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.